ಕೊಂಡಿ

ಗಡಿಯಾರ ಕಂಬದಿಂದ ಇಳಿದರೆ ನಾಲ್ಕನೇ ಅಂಗಡಿ.
ಪೀಚೆಕತ್ತಿಯ ಹಿಡಿಗೆ ಬೆಳ್ಳಿ ಕಟ್ಟುವವನಿಗೆ
ಜರ್ಮನಿಯ ರಾಜರ ಪದಕಗಳ ಉಸಾಬರಿ ಯಾಕೆ
ಎಂದು ವಿರಾಜಪೇಟೆಯಲ್ಲಿ ಯಾರೂ ಕೇಳುವುದಿಲ್ಲ.
ಫೌಜಿಗಳ ನಾಡು. ಯಾವ ಪೆಟ್ಟಿಗೆಯ ತಳ ಕೆದಕಿದರೂ
ಕರ್ಪೂರದ ಗುಳಿಗೆಯ ಪಕ್ಕ ಯಾವುದೋ ದೊರೆಯ ತಲೆ.

ಬಿಟ್ಟಂಗಾಲದ ದೇಚವ್ವ ತಂದದ್ದು ಶಿಲುಬೆ.
ಬಿಳಿ ಎನಾಮಲ್ಲಿನ ನಾಲ್ಕು ತೋಳು, ನಡುವೆ ಕಿರೀಟ,
ಸುತ್ತ ನೀಲಿ ಉಂಗುರದಲ್ಲಿ ದೇವರ ಹೆಸರು.
ಹಿಂದೆ ತಿರುಗಿಸಿ ಬೆರಳಿಟ್ಟು ತೋರಿಸಿದರು:
'ಹದಿನೆಂಟು ಅಕ್ಟೋಬರ್, ಸಾವಿರದ ಎಂಟುನೂರ ಅರವತ್ತೊಂದು.
ಅಷ್ಟು ಹಳೆಯದು ನೋಡಿ.'

ಅಲ್ಲ, ಅಂದೆ. ಅದು ಪದವಿ ಹುಟ್ಟಿದ ದಿನ,
ಈ ಪದಕ ಹುಟ್ಟಿದ ದಿನವಲ್ಲ.
ಐವತ್ತೇಳು ವರ್ಷ ಅದೇ ತಾರೀಖು ಕೆತ್ತುತ್ತಲೇ ಇದ್ದರು.
ಹೊಸಬರು ಇಲ್ಲೇ ಜಾರುವುದು.
ಮೇಲೆ ಬರೆದದ್ದನ್ನು ಓದಬಾರದು; ಅಂಚನ್ನು ಓದಬೇಕು.

ಲೂಪು ಕಣ್ಣಿಗೆ ಸಿಕ್ಕಿಸಿಕೊಂಡೆ.
ಕೆಳತೋಳಿನ ಅಂಚಿನಲ್ಲಿ, ಎಳ್ಳುಕಾಳಿಗಿಂತ ಸಣ್ಣಗೆ,
ಒಂಬತ್ತು, ಮೂರು, ಎಂಟು.
ಕೂದಲೆಳೆ ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟು ತೂಗಿದೆ.
ಚಿನ್ನಕ್ಕಿರುವ ಹಟ ಇದಕ್ಕಿಲ್ಲ.
ಬೆಳ್ಳಿ. ಮೇಲೆ ಚಿನ್ನದ ನೀರು.
ಯುದ್ಧ ಚಿನ್ನವನ್ನೆಲ್ಲ ನುಂಗಿದ ಮೇಲೆ
ಅರಸನೂ ಹೀಗೆ ಮರ್ಯಾದೆ ಮುಚ್ಚಿಕೊಂಡ.
ಹದಿನಾರರ ಕೊನೆ, ಹದಿನೇಳು; ಅದಕ್ಕೆ ಮೊದಲಲ್ಲ.

ದೇಚವ್ವ ನಕ್ಕರು. 'ಅದು ಹೇಗೆ?
ನಮ್ಮಜ್ಜ ಬಸ್ರಾದಲ್ಲಿ ಜ್ವರದಿಂದ ಹೋದದ್ದು ಹದಿನೈದರಲ್ಲಿ.
ಅವರ ಪೆಟ್ಟಿಗೆಯ ಜೊತೆ ಇದೂ ಬಂತು.
ಅಜ್ಜಿ ಸಾಯುವ ತನಕ ಕತ್ತಿನಲ್ಲಿತ್ತು,
ಕುಪ್ಪಸದ ಒಳಗೆ.'

ನಾನು ಮಾತಾಡಲಿಲ್ಲ.
ಹೊರಗೆ ಗೋಣಿಕೊಪ್ಪದ ಬಸ್ಸು ಹಾರ್ನ್ ಹೊಡೆದು
ಯಾರೂ ಹತ್ತದೆ ಹೋಯಿತು.

ಆಗ ಕೊಂಡಿ ನೋಡಿದೆ.
ರಿಬ್ಬನ್ನು ಪೋಣಿಸುವ ಬಳೆ ಬರ್ಲಿನ್ನಿನದಲ್ಲ.
ಎರಡು ತಂತಿ ಹೊಸೆದು, ತುದಿಯನ್ನು ಒಳಕ್ಕೆ ಮಡಚಿ
ಬೆಸುಗೆಯ ಮೇಲೆ ಒಂದು ಕಾಳು ಕೂರಿಸಿದ್ದು.
ಜೋಮಾಲೆಯ ಕೊಕ್ಕೆಗೆ ಹಾಕುವಂಥದ್ದು.
ಆ ಕಾಳು ಯಾವಾಗಲೂ ಚೂರು ಎಡಕ್ಕೆ ವಾಲುತ್ತದೆ.
ಕೈ ನಡುಗುವ ಒಬ್ಬನೇ ಅಕ್ಕಸಾಲಿಗ ಈ ಪೇಟೆಯಲ್ಲಿದ್ದ.
ಅವನ ಅಗ್ಗಿಷ್ಟಿಕೆಯ ಮುಂದೆಯೇ ಈಗ ನಾನು ಕೂತಿರುವುದು.

'ಕಾಫಿ ಕುಡಿದು ಬನ್ನಿ' ಎಂದು ಅವರನ್ನು ಕಳಿಸಿ
ಅಟ್ಟದಿಂದ ಅಪ್ಪನ ಖಾತೆಪುಸ್ತಕ ಇಳಿಸಿದೆ.
ಗೆದ್ದಲು ಆಣೆಗಳನ್ನು ತಿಂದಿತ್ತು, ರೂಪಾಯಿಗಳನ್ನು ಬಿಟ್ಟಿತ್ತು.
ನಲವತ್ತೇಳು, ಕೈಲ್‌ಪೊಳ್ದಿನ ಹಿಂದಿನ ವಾರ:
ಪರದೇಶಿ ಶಿಲುಬೆಗೆ ಕೊಂಡಿ ಒಂದು.
ಬಿಟ್ಟಂಗಾಲದ ಮುದ್ದವ್ವನಿಗೆ.
ಕೂಲಿ ಕೊಟ್ಟವರು, ಎಂದು ಪಕ್ಕದಲ್ಲಿ
ಇನ್ನೊಂದು ಹೆಸರು.
ಗಂಡಸಿನದು. ಆಗಷ್ಟೇ ಪಟಾಲಮಿನಿಂದ ಮರಳಿದವನದು.
ಆ ಮನೆತನದವನಲ್ಲ.

ಪುಸ್ತಕ ಮುಚ್ಚಿದೆ. ಧೂಳಿಗೆ ಸೀನು ಬಂತು.

ದೇಚವ್ವ ಮರಳಿ ಬಂದು ಕೇಳಿದ್ದು ಬೆಲೆ.
ಮೈಸೂರಿನ ಸಂಗ್ರಾಹಕನೊಬ್ಬ ಫೋಟೋ ನೋಡಿ
ಕೊಂಡಿ ಮೂಲದ್ದಲ್ಲ, ಅರ್ಧಕ್ಕೆ ಅರ್ಧ ಇಳಿಸಿ ಅಂದನಂತೆ.
'ಅದನ್ನು ಕಿತ್ತು ಬೇರೆ ಹಾಕಿಕೊಡ್ತೀರಾ?'

ಆಗುವುದಿಲ್ಲ, ಅಂದೆ.
ಬೆಂಕಿ ತಾಗಿದರೆ ಎನಾಮಲ್ ಸಿಡಿಯುತ್ತದೆ,
ಬಿಳಿಯ ತೋಳು ಬಿರುಕು ಬಿಡುತ್ತದೆ,
ಆಮೇಲೆ ಯಾರೂ ಮುಟ್ಟುವುದಿಲ್ಲ.

ಸುಳ್ಳು. ಸಣ್ಣ ಗರಗಸ ಸಾಕು,
ಎರಡು ನಿಮಿಷದ ಕೆಲಸ.

'ಮತ್ತೆ ವರ್ಷ ಏನಂತ ಬರೆದಿರಿ?'
ಚೀಟಿಯಲ್ಲಿ ಬರೆದದ್ದು ಓದಿ ಹೇಳಿದೆ:
ಪ್ರಷ್ಯಾದ ಕಿರೀಟ ಪದವಿ, ಮೂರನೇ ದರ್ಜೆ,
ಬೆಳ್ಳಿ, ಚಿನ್ನದ ಲೇಪ, ಯುದ್ಧದ ಕೊನೆಯ ಕಾಲ.
ಕೊಂಡಿ: ಸ್ಥಳೀಯ ಕೆಲಸ. ಒಳ್ಳೆಯ ಕೆಲಸ.

'ಯಾವ ಯುದ್ಧ?' ಅಂದರು, ಪರ್ಸು ಮುಚ್ಚುತ್ತಾ.