ನಾಕು ಜ಼

ಬೆಳಗಿನ ಐದಕ್ಕೇ ಮಾಳಗಿ ಹತ್ತಬೇಕು,
ಎಂಟು ಹೊಡದ್ರ ಪರಸಿಕಲ್ಲು ಕಾಲು ಹಿಡೀತದ.
ಶಹಾಬಾದಿನ ಬ್ಯಾಸಗಿ ಗೊತ್ತದಲ್ಲ,
ಕಲ್ಲೇ ನೆಲ, ಕಲ್ಲೇ ಗ್ವಾಡಿ, ಕಲ್ಲೇ ಚಾವಣಿ,
ಊರಿಗೆ ಊರೇ ಒಂದು ಹಂಚು.

ಸಂಡಗಿ ಹಿಟ್ಟು ರಾತ್ರಿನೇ ಕುದಿಸಿಟ್ಟಿದ್ದೆ,
ಜೀರಗಿ, ಎಳ್ಳು, ಖಾರ ಜರಾ ಜಾಸ್ತಿ.
ಸೊಸಿ ಮಹಾನಂದಾ ಹಳೇ ಸೀರಿ ಹಾಸಿ
ನಾಕೂ ಮೂಲಿಗೆ ಕಲ್ಲು ಇಟ್ಟಳು.
ಭೂಮಿಕಾಗ ಸಾಲಿ ಸೂಟಿ; ಕಣ್ಣು ತಿಕ್ಕೋತ ಬಂದು
ಕೊಡದ ನೀರಾಗ ಕೈ ಅದ್ದಿ ಕುಂತದ.
ಇವರು ಕಾಗಿ ಕಾಯೋ ಕೋಲು ಹಿಡದು
ಕಾಗಿ ಏಳೋ ಮುಂಚೆನೇ ನಿದ್ದಿ ಹೋಗ್ಯಾರ.

ಮೋಟು ಗ್ವಾಡಿ ಆಚಿಕಡಿ ರಹಮತ್‌ಬೀ
ಕೌದಿಗೆ ಹೊಲಿಗಿ ಹಾಕೋತ ಕೇಳ್ತಾಳ:
"ಏನ್ ಜಗದೇವಿ, ನಿನ್ನಿ ಪಾಠ ನೆನಪದ?"

ಅದ.
ಬಟ್ಟಿ ಹಿಂಡಿ ಬಲದಿಂದ ಎಡಕ್ಕ ಬರೀತೀನಿ:
ಅಲಿಫ್, ನೆಟ್ಟಗೊಂದು ಕಡ್ಡಿ.
ಬೇ, ಬುಟ್ಟಿ; ಕೆಳಗೊಂದು ಚುಕ್ಕಿ.
ಜೀಮ್, ಅದರ ಹೊಟ್ಟಿ ಪ್ರತೀ ಸಲ ಒಡೀತದ.
ಎರಡು ದಿನಕ್ಕ ಎಲ್ಲಾ ಗರಿಗರಿ.
ಎಣ್ಣ್ಯಾಗ ಬಿಟ್ಟ್ರ
ನನ್ನ ಅಕ್ಷರ ನಾ ಬರದದ್ದಕ್ಕಿಂತ ದೊಡ್ಡವಾಗಿ ಉಬ್ಬತಾವ.
"ಆಯಿ, ಇವತ್ತು ನಾ ಮೂರು ಜೀಮ್ ತಿಂದೆ."
ಅರವತ್ತೇಳಕ್ಕ ಕಲ್ತ ವಿದ್ಯಾ
ಎಷ್ಟು ಲಗೂ ಖರ್ಚಾಗ್ತದ ನೋಡ್ರಿ.

ಇದೆಲ್ಲ ಯಾಕ ಸುರು ಆಯ್ತಂದ್ರ,
ತಮ್ಮ ಮನಿ ಕೆಡವಿ ಕಟ್ಟೋವಾಗ
ಅಪ್ಪನ ಟ್ರಂಕು ನಮ್ಮನಿಗೆ ಬಂತು,
ಅದರಾಗ ಲೆಕ್ಕದ ವಹಿ.
ಅಪ್ಪ ಕಲ್ತಿದ್ದು ಉರ್ದು ಸಾಲಿ, ಆಗಿನ ಕಾಲ ಅಂಥಾದ್ದು.
ಬಾಯಾಗ ವಚನ, ಕೈಯಾಗ ಉರ್ದು.
ನನ್ನ ಮೂರನೇ ಕ್ಲಾಸಿಗೇ ಬಿಡಿಸಿ
ತಮ್ಮನ ತೊಟ್ಟಲ ಹಗ್ಗ ಕೈಗೆ ಕೊಟ್ಟಂವ.
ಮಗ ಅಂದ: ಹೊಲದ್ದು ಏನರೆ ಇರಬಹುದು, ಯಾರಿಗರೆ ತೋರಿಸೋಣ.
ನಾ ಅಂದೆ: ಬ್ಯಾಡ, ನಾನೇ ಓದ್ತೀನಿ.
ಅಂದಮ್ಯಾಲ ನನಗೇ ನಗಿ ಬಂತು.

ನಾಕು ಜ಼ ಅವರಿ ಅದರಾಗ!
ಒಂದು ಸಾಲ್ದೇನಂತ ಜಗಳ ತೆಗದೆ.
ರಹಮತ್‌ಬೀ ಸೂಜಿ ಸೆರಗಿಗೆ ಸಿಗಿಸಿ ಅಂದಳು:
"ಮನ್ಯಾಗ ನಾಕು ಸೊಸ್ತೇರು ಇರಲ್ಲೇನ?
ಕರದ್ರ ಎಲ್ಲಾರೂ 'ಆಂ' ಅಂತಾರ,
ಒಲಿ ಮುಂದ ನಿಂತಾಗ ಗೊತ್ತಾಗ್ತದ ಯಾರು ಯಾರಂತ."
ಜರಾ ಅನ್ನೋದಕ್ಕ ಒಂದು.
ಜಮೀನಿಗೆ ಒಂದು.
ಹಾಜರಿಗೆ ಒಂದು, ಹೊಟ್ಟಿ ದೊಡ್ಡದು, ಮ್ಯಾಲ ಚುಕ್ಕಿ.
ನಜರು ಹತ್ತಿದ್ದಕ್ಕ ಒಂದು, ಬೆನ್ನ ಮ್ಯಾಲ ಕೋಲು.
ನಾಕೂ ನನ್ನ ಮಾತೇ.
ಮಾತು ಬಂದಾಗಿಂದ ಆಡೀನಿ,
ಅವಕ್ಕ ಬ್ಯಾರೆ ಬ್ಯಾರೆ ಮುಖ ಅವ ಅಂತ
ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ನಲವತ್ನಾಕು ಡಿಗ್ರಿ, ಕರೆಂಟು ಇಲ್ಲ.
ಬಾಗಿಲಿಗೆ ಒದ್ದಿ ಚಾದರ ಕಟ್ಟಿ ಎಲ್ಲಾರೂ ಅಡ್ಡಾಗ್ತಾರ,
ಮಗ ಪಾಲಿಶ್ ಮಷೀನಿನ ಬಿಳಿ ಧೂಳು ತೊಳಕೊಂಡು ಬಂದು
ನನ್ನ ಕಾಲ ಹತ್ರನೇ ಗೊರಕಿ ಹೊಡೀತಾನ.
ನಾ ಬೆರಳಿಟ್ಟು ಓದ್ತೀನಿ:
ಸುಣ್ಣ. ಬೆಲ್ಲ ಎರಡು ಸೇರು. ಎತ್ತಿನ ಲಾಳ. ಮತ್ತ ಸುಣ್ಣ.
ಹೊಲದ್ದು ಏನೂ ಇಲ್ಲ. ಮಗ ಕೇಳೋದು ಬಿಟ್ಟಾನ.

ನಿನ್ನಿ ಒಂದು ಸಾಲು ಸಿಕ್ಕಿತು.
ಜೀಮ್, ಗಾಫ್, ದಾಲ್... ನನ್ನ ಹೆಸರು.
"ಜಗದೇವಿಗೆ ಪಾಟಿ, ಆರಾಣೆ."
ಅದರ ಮ್ಯಾಲ ಒಂದು ಅಡ್ಡ ಗೀಟು.

ತಂದಿದ್ದನೋ, ತಂದು ವಾಪಸ್ ಕೊಟ್ಟನೋ,
ತರಬೇಕಂತ ಬರದು ಕೈ ತಡದನೋ.
ಗೀಟು ಓದೂದು ರಹಮತ್‌ಬೀಗೂ ಬರಲ್ಲ.
ವಹಿ ಕಣ್ಣಿನ ಹತ್ರ ಹಿಡದು
"ಕೈಬರಹ ಚಂದ ಅದ" ಅಂದು ಸುಮ್ಮನಾದಳು.

ಸಿಟ್ಟು ಬರ್ತದೇನೋ ಅಂತ ಕಾಯ್ದೆ. ಬಂತು, ಜರಾ,
ಆ ಸಣ್ಣ ಜ಼ ಇರೋ ಜರಾ.
ಮಹಾನಂದಾ ಮಜ್ಜಿಗಿ ತಂದಿಟ್ಟು
ನನ್ನ ಮಾರಿ ನೋಡಿ, ಏನೂ ಕೇಳದೆ
ಲೋಟಕ್ಕ ಇನ್ನಷ್ಟು ಉಪ್ಪು ಹಾಕಿ ಹೋದಳು.
ಅಷ್ಟ್ರಾಗ ಮ್ಯಾಲಿಂದ ಕೂಗು:
"ಆಯೀ! ಕಾಗಿ ನಿನ್ನ ಬೇ ಒಯ್ತು, ಚುಕ್ಕಿ ಬಿಟ್ಟು!"
ಇವರು ಎದ್ದು ಕೋಲು ಹುಡುಕಲತ್ತಾರ,
ಕೋಲು ಅವರ ಬಗಲಾಗೇ ಅದ.
ನಾ ವಹಿ ಮುಚ್ಚಲಿಲ್ಲ, ಹಂಗೇ ಬಿಟ್ಟು ಓಡಿದೆ,
ಬರಿಗಾಲಲ್ಲೇ, ಕಾದ ಪರಸಿ ಮ್ಯಾಲ
ಕುಣಿಕೋತ.