ಗಂಡ ಬಿಟ್ಟಾಕಿ

ಕೌಲ್ ಬಜಾರಿನ ಬ್ಯಾಟರಿ ಅಂಗಡಿ ಮೇಲಿನ ರೂಮು,
ಭಾನುವಾರ, ಮಧ್ಯಾಹ್ನ ಮೂರು.
ಫ್ಯಾನು ತಿರುಗಿದರೂ ಗಾಳಿಗೆ ಬಂಡೆಯ ಕಾವು.
ನನ್ನ ತಂಗಿ ವಯಸ್ಸಿನ ಎಸ್ತೇರ್ ಮಿಸ್ಸು
ಬೋರ್ಡಿನ ಮೇಲೆ ಬರೀತಾಳೆ:
ಬ್ರೇಕ್ ಅಪ್. ಮೇಕ್ ಅಪ್. ಪ್ಯಾಚ್ ಅಪ್. ಸ್ಪ್ಲಿಟ್ ಅಪ್.
ನಾವು ಏಳು ಮಂದಿ, ಜೀನ್ಸ್ ಯೂನಿಟ್ಟಿನವರು,
ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.

ಸೂಪರ್‌ವೈಜರ್ ಆಗಬೇಕಂದ್ರೆ ಇಂಗ್ಲಿಷ್ ಬೇಕು, ಅಂದಿದ್ದ ಮಾಲೀಕ.
ನಾನು ಕಲಿಯಾಕೆ ಬಂದದ್ದು ಬಟನ್ನು, ಬಂಡಲ್ಲು, ಡೆಲಿವರಿ ಡೇಟು.
ಸಿಕ್ಕಿದ್ದು ಈ ಪಾಠ.

ಪ್ಯಾಚ್ ಅಂದ್ರೆ ನಂಗೆ ಗೊತ್ತು ಮಿಸ್,
ಮೊಣಕಾಲಿನ ಹರಕಿಗೆ ಹಿಂದಿನಿಂದ ತುಂಡು ಕೊಟ್ಟು
ಅಡ್ಡಾದಿಡ್ಡಿ ಹೊಲಿಗೆ ಓಡಿಸ್ತೀವಿ.
ಈಗ ಹರಕೇ ಫ್ಯಾಷನ್ನು;
ಹೊಸ ಪ್ಯಾಂಟನ್ನ ನಾವೇ ಬ್ಲೇಡಿನಿಂದ ಕೆರೆದು ಕಳಿಸ್ತೀವಿ.
ಮಿಸ್ಸು ನಕ್ಕಳು. ಇದು ಮನಸಿನ ಪ್ಯಾಚು, ಅಂದಳು.
ಮೇಕ್ ಅಪ್ ಅಂದ್ರೆ ಪೌಡರಲ್ಲ, ರಾಜಿ.
ಹಿಂದಿನ ಬೆಂಚಿನಿಂದ ಶಮೀಮ್‌ಬಿ ಕೂಗಿದಳು:
ನಮ್ಮನೇಲಿ ಪೌಡರಿಲ್ಲದೆ ರಾಜಿಯೇ ಆಗಲ್ಲ!

ಬಾಲದ ಪದ ನೋಡ್ರಿ, ಅಂದಳು ಮಿಸ್ಸು.
ಫಾಲ್ ಫಾರ್, ಮನಸು ಕೊಡೋದು.
ಫಾಲ್ ಔಟ್, ಮನಸು ಮುರಿಯೋದು.
ಬೀಳೋದು ಒಂದೇ,
ಬಾಲ ಬದಲಾದ್ರೆ ಬಾಳೇ ಬದಲು.

ಇದೇನು ಮಹಾ, ಅಂದೆ ನಾನು.
ನಮಗೆ ಒಂದು ಕೈ ಇದ್ರೆ ಸಾಕು:
ಕೈ ಹಿಡಿದ,
ಕೈ ಮಾಡಿದ,
ಕೈ ಕೊಟ್ಟ,
ಕೈ ಬಿಟ್ಟ,
ಕೊನೆಗೆ ಪಂಚಾಯ್ತಿಯಲ್ಲಿ ಹಿರಿಯರಿಗೆ ಕೈ ಮುಗಿದ.
ಇಡೀ ಸಂಸಾರ ಒಂದೇ ಕೈಯಲ್ಲಿ ಮುಗೀತು ನೋಡ್ರಿ.
ಕೊಟ್ಟರೂ ಮೋಸ, ಬಿಟ್ಟರೂ ಮೋಸ,
ಇದನ್ನ ಇಂಗ್ಲಿಷಿಗೆ ಹೆಂಗೆ ಹಾಕ್ಲಿ ಎರ್ರೆಮ್ಮ, ಅಂತ
ಮಿಸ್ಸು ಚಾಕ್‌ಪೀಸು ಕೆಳಗಿಟ್ಟಳು.

ಹೋಂವರ್ಕು: ಸ್ಪ್ಲಿಟ್ ಅಪ್ ಹಾಕಿ ಒಂದು ವಾಕ್ಯ.
ರಾತ್ರಿ ಮಿಷನ್ನಿನ ಹಲಗೆ ಮೇಲೆ ನೋಟ್‌ಬುಕ್ ಇಟ್ಟು ಬರೆದೆ:
ಗಾದಿಲಿಂಗ ಅಂಡ್ ಐ ಸ್ಪ್ಲಿಟ್ ಅಪ್.
ಓದಿದೆ. ಮತ್ತೆ ಓದಿದೆ.
ಇಬ್ಬರೂ ಒಂದೇ ಗೆರೆ ಮೇಲೆ, ಸಮಸಮ,
ನಡು ಹೊಲಿಗೆ ಬಿಚ್ಚಿದ ಪ್ಯಾಂಟಿನ ಎರಡು ಕಾಲಿನ ಹಾಗೆ.
ಯಾರು ಬಿಟ್ಟರು ಅಂತ ಕೇಳೋದೇ ಇಲ್ಲ ಈ ವಾಕ್ಯ.
ಎಂಥಾ ಮರ್ಯಾದೆ!
ಆದರೆ ಸುಳ್ಳು.

ಇಬ್ಬರೂ ಅಲ್ಲ. ನಾನು.
ಮಾರ್ಚಿನ ಒಂದು ಬೆಳಗಿನ ಜಾವ, ನಲ್ಲಿ ನೀರು ಬರೋ ಮೊದಲು,
ಹೊಲಿಗೆ ಮಿಷನ್ನಿನ ತಲೆ ಮಾತ್ರ ಬಿಚ್ಚಿಕೊಂಡು ಆಟೋ ಹತ್ತಿದೆ.
ಮಡಿಲಲ್ಲಿ ಕೂಸಿನ ಹಾಗೆ ಅದು,
ದಾರಿಯುದ್ದಕ್ಕೂ ಸೀರೆಗೆ ಎಣ್ಣೆ ಸೋರಿಸುತ್ತಾ.
ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ಓಣಿಯವರು ಹನ್ನೊಂದು ವರ್ಷದಿಂದ
ಗಂಡ ಬಿಟ್ಟಾಕಿ, ಅಂತಾರೆ.
ರೇಷನ್ ಸಾಲಿನಲ್ಲಿ, ಮದುವೆ ಪಂಕ್ತಿಯಲ್ಲಿ,
ಬಾಡಿಗೆ ಮನೆ ಕೇಳಾಕೆ ಹೋದಲ್ಲಿ.
ಗಂಡ ಬಿಟ್ಟನೋ, ಗಂಡನ್ನ ಬಿಟ್ಟೆನೋ
ಆ ಮಾತಿಗೇ ಗೊತ್ತಿಲ್ಲ;
ಕೇಳಿದವರು ತಮಗೆ ಬೇಕಾದ್ದು ಕೇಳಿಸಿಕೊಳ್ತಾರೆ.
ಇಷ್ಟು ದಿನ ನಂಗೂ ಹೊಳೆದಿರಲಿಲ್ಲ.
ಅಪ್ಪು, ಆಫು, ಔಟು ಅಂತ
ಬೇರೆಯವರ ಬಾಲ ಎಣಿಸಿ ಎಣಿಸಿ
ನನ್ನದರ ಬಾಲ ಉದುರಿದ್ದು ಕಂಡಿತು.

ವಾಕ್ಯ ಹೊಡೆದು ಹಾಕಿ ಬರೆದೆ: ಐ ಲೆಫ್ಟ್ ಹಿಮ್.
ಮಿಸ್ಸು ಕೆಂಪು ಪೆನ್ನಲ್ಲಿ:
ಸರಿ ಐತೆ, ಆದ್ರೆ ಬಾಲದ ಪದ ಎಲ್ಲಿ? ಅರ್ಧ ಮಾರ್ಕು.

ಸೋಮವಾರ ನಲ್ಲಿ ಕಟ್ಟೆ ಹತ್ತಿರ
ಹೊಸದಾಗಿ ಬಂದ ಬಾಡಿಗೆಯಾಕಿ ಕೇಳಿದಳು,
ನೀನು ಆ ಗಂಡ ಬಿಟ್ಟಾಕಿ ಅಲ್ಲೇನು?
ಗಂಡನ್ನ, ಅಂದೆ.
ಹಾಂ?
ಗಂಡ-ನ್ನ.
ಆಕೆಗೆ ತಿಳೀಲಿಲ್ಲ.
ಆಕೆಯ ಕೊಡ ತುಂಬಿ ಚೆಲ್ಲುತ್ತಿತ್ತು,
ಪಕ್ಕಕ್ಕೆ ಸರಿಸಿ
ನನ್ನದು ಇಟ್ಟೆ.