ನಂಬರ ಹಾಕಬ್ಯಾಡ

ಜತ್ತಿನ ಎಸ್.ಟಿ. ಸ್ಟ್ಯಾಂಡಿನ ಎದುರು, ಝೆರಾಕ್ಸ್ ಅಂಗಡಿಯ ಒಳಗೆ,
ಫ್ಯಾನಿನ ಗಾಳಿಗೆ ಹಾರದಂತೆ ವಕೀಲರ ಚೀಟಿಯ ಮೇಲೆ
ಸ್ಟೇಪ್ಲರ್ ಇಟ್ಟು ಕೂತಿದ್ದೇನೆ.
ಚೀಟಿಯಲ್ಲಿ ಇಷ್ಟೇ:
ಕೊಟ್ಟ ಸಾಮಾನಿನ ಯಾದಿ ಮಾಡು, ನಂಬರ ಹಾಕಬ್ಯಾಡ.
ನಂಬರ ಹಾಕಿದರ ಎದುರಿನವರು ಎಣಿಸ್ತಾರ.

ಸ್ಟೂಲಿನ ಮೇಲೆ ಸುಗಲಾಬಾಯಿ, ತೊಡೆಯ ಮೇಲೆ ಕೈಚೀಲ.
"ಬುಲೆಟ್ ಹಾಕತೀನಿ," ಅಂದೆ.
"ಬುಲೆಟ್ ಕೊಟ್ಟಿಲ್ಲ ತಂಗಿ, ಸುಳ್ಳ ಯಾಕ?
ಸ್ಪ್ಲೆಂಡರ್. ಅದೂ ಕಂತಿನ ಮ್ಯಾಲ."

ಅವಳು ಕನ್ನಡದಲ್ಲಿ ಹೇಳುತ್ತ ಹೋದಳು,
ಕೋರ್ಟಿಗೆಂದು ನಾನು ಮರಾಠಿಯಲ್ಲಿ ಒತ್ತುತ್ತ ಹೋದೆ.
ಹಂಡೆ ಹಂಡಾ ಆಯಿತು, ಕೊಡ ಘಾಗರ ಆಯಿತು,
ಪರಾತ ಪರಾತವಾಗಿಯೇ ಉಳಿಯಿತು.
ಪ್ರತಿ ಸಾಲಿನ ಹಣೆಗೆ ಒಂದೊಂದು ಕರಿ ಬೊಟ್ಟು
ತಾನಾಗಿ ಬಂದು ಕೂತಿತು.

"ತಿಜೋರಿ ಬರದಿ? ಅದರೊಳಗ ಐದು ಸೀರಿ."
ಒಳಗಿನವಕ್ಕೆ ಟ್ಯಾಬ್. ಸಾಲು ಒಂದು ಹೆಜ್ಜೆ ಒಳಕ್ಕೆ ಸರಿದು
ಬೊಟ್ಟು ಟೊಳ್ಳಾಯಿತು, ಬಳೆಯ ಹಾಗೆ.
"ಡಬರಿಗೆ ಮುಚ್ಚಳ ಇತ್ತು."
ಮುಚ್ಚಳಕ್ಕೆ ಬೇರೆ ಬೊಟ್ಟು ಬೇಡ;
ಶಿಫ್ಟ್ ಹಿಡಿದು ಎಂಟರ್ ಒತ್ತಿ
ಡಬರಿಯ ಕೆಳಗೇ ಕೂರಿಸಿದೆ.
"ಜಮಖಾನಿ. ಗ್ವಾಡಿ ಗಡಿಯಾರ,
ಸ್ವಾದರಮಾವ ತಂದಿದ್ದ, ನಡೀತಿದ್ದಿಲ್ಲ."
ನಡೆಯದ್ದನ್ನೂ ಬರೀಬೇಕೇನು?
"ಕೊಟ್ಟದ್ದು ಕೊಟ್ಟದ್ದ."

ಮುಗೀತು ಅಂದಾಗ ಪರದೆಯನ್ನು ಅವಳ ಕಡೆ ತಿರುಗಿಸಿದೆ.
ಓದಲಿಕ್ಕೆ ಬರುವುದಿಲ್ಲ, ಎರಡೂ ಭಾಷೆ.
ಬೆರಳು ಚಾಚಿ, ಗಾಜಿಗೆ ತಾಗದಂತೆ,
ಅಕ್ಷರ ಬಿಟ್ಟು ಬೊಟ್ಟುಗಳ ಮೇಲಷ್ಟೇ ಇಳಿದಳು,
ಕಣದಲ್ಲಿ ಜೋಳ ಅಳೆಯುವವಳ ಹಾಗೆ:
ಲಾಭ, ಎರಡು, ಮೂರು...
ಟೊಳ್ಳಿನವನ್ನು ಎಣಿಸಲಿಲ್ಲ.
ಅವು ತಿಜೋರಿಯ ಒಳಗಿನವು ಅಂತ ಹೇಗೆ ತಿಳಿಯಿತೋ.
"ಹದಿನೇಳ ಇರಬೇಕು. ಹದಿನೆಂಟ ಅದಾವ."

ಕೊನೆಯ ಎಂಟರಿಗೆ ಹುಟ್ಟಿದ್ದು ಅದು, ಮುಂದೆ ಏನೂ ಇಲ್ಲದ್ದು.
ತೆಗೀತೀನಿ ಅಂತ ಬ್ಯಾಕ್‌ಸ್ಪೇಸ್ ಒತ್ತಿದೆ.
ಮೊದಲ ಒತ್ತಿಗೆ ಬೊಟ್ಟು ಹೋಗುತ್ತದೆ, ಜಾಗ ಹಾಗೇ ಇರುತ್ತದೆ;
ಕರ್ಸರ್ ಅಂಚಿಗೆ ಬಾರದೆ ಒಳಗೇ ನಿಂತು ಮಿಟುಕುತ್ತದೆ.
ಇನ್ನೊಂದು ಸಲ ಒತ್ತಬೇಕು.
ಅಷ್ಟರಲ್ಲಿ ಅವಳ ಕೈ ನನ್ನ ಮಣಿಕಟ್ಟಿನ ಮೇಲೆ.

"ತಡಿ. ತಂಬಗಿ ಒಂದ ಮರತಿದ್ದೆ.
ಹೋಗೂ ದಿನ ಅವ್ವ ಕೈಯಾಗ ಕೊಟ್ಟಿದ್ಳು,
ಬಸ್ಸಿನಾಗ ನೀರ ಕುಡೀಲಿಕ್ಕ.
ಎಲ್ಲಾದರ ಮ್ಯಾಲೂ ಹೆಸರ ಹಾಕಿಸಿತ್ತು,
ಅದಕ್ಕ ಹಾಕಿಸಿದ್ದಿಲ್ಲ."

ಕಂಟ್ರೋಲ್ ಝಡ್.
ಬೊಟ್ಟು ಮರಳಿ ಬಂತು.
ತಾಂಬ್ಯಾ, ಅಂತ ಒತ್ತಿದೆ.
ಮೂರು ಪ್ರತಿ, ಎರಡೆರಡು ಪಾನು, ನಲವತ್ತು ರೂಪಾಯಿ.
ಎಂಟರ್ ಒತ್ತದೆ ಪ್ರಿಂಟು ಕೊಟ್ಟೆ.